ಮನೇಲೇ ಇರ್ತಾಳೆ

ಜನವರಿ 19, ಭಾನುವಾರ

ಗೊಬ್ಬರದಂಗಡಿಯವನು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಖಾಲಿ ಬಿಟ್ಟಿದ್ದೆ, ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತೂ ನಡೆದಿಲ್ಲ. ಆದರೆ ಈ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲದ್ದರಿಂದ ಹಾಳೆಗಾದರೂ ಹೇಳೋಣ ಅಂತ ಕೂತಿದ್ದೇನೆ.

ನನ್ನ ಹೆಂಡತಿ ಮುನಿರತ್ನಮ್ಮ ಸರಿಯಾಗಿ ಊಟ ಮಾಡಿ ತಿಂಗಳಾಯಿತು. ಎರಡು ತುತ್ತು ಮುದ್ದೆ ನುಂಗಿದರೆ "ಒಟ್ಟೆ ತುಂಬೋಯ್ತು" ಅನ್ನುತ್ತಾಳೆ. ತಿನ್ನುವುದು ಎರಡು ತುತ್ತು, ಹೊಟ್ಟೆ ಮಾತ್ರ ದಿನಾ ಮುಂದಕ್ಕೆ ಬರುತ್ತಿದೆ. ಗಾಳಿ ತಿಂದು ದಪ್ಪಗಾಗುವ ವಿದ್ಯೆಯನ್ನು ನಮ್ಮ ಲಾಯರಮ್ಮನಿಗೂ ಕಲಿಸು, ಹುಲ್ಲಾದರೂ ಉಳಿಯುತ್ತದೆ ಅಂದೆ. ಲಾಯರಮ್ಮ ಅಂದರೆ ನಮ್ಮ ಹಸು. ಯಾರು ಹತ್ತಿರ ಹೋದರೂ ತಕರಾರು ತೆಗೆಯುತ್ತದೆ ಅಂತ ರತ್ನಳೇ ಇಟ್ಟ ಹೆಸರು. ಅವಳು ಕೂತರೆ ಹಾಲು, ಬೇರೆ ಯಾರು ಕೂತರೂ ಒದೆ.

ರತ್ನ ನಗಲಿಲ್ಲ. ಸೊಂಟ ನೋಯುತ್ತಿದೆ ಅಂದಳು. ಪಕ್ಕದ ಮನೆಯ ಪಾಪಕ್ಕ ಬಂದು "ಗ್ಯಾಸು ಕಣಮ್ಮಾ, ಓಮಿನ್ ನೀರ್ ಕುಡಿ" ಎಂದು ತೀರ್ಪು ಕೊಟ್ಟು, ನಮ್ಮನೆ ಕಾಫಿ ಕುಡಿದು ಹೋದಳು. ಪಾಪಕ್ಕನ ಪ್ರಕಾರ ಬೂದಿಕೋಟೆ ಹೋಬಳಿಯಲ್ಲಿ ಇರುವುದು ಒಂದೇ ಕಾಯಿಲೆ. ಅವಳ ಗಂಡ ಮಾವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಾಗಲೂ ಗ್ಯಾಸು ಅಂದಿದ್ದಳು.

ಜನವರಿ 22, ಬುಧವಾರ

ಮಗಳು ನವ್ಯ ಬಂಗಾರಪೇಟೆಯಲ್ಲಿ ಡಿಗ್ರಿ ಓದುತ್ತಾಳೆ. ಡಿಗ್ರಿ ಓದುವವರು ಅಪ್ಪನಿಗಿಂತ ಮೊಬೈಲನ್ನು ಹೆಚ್ಚು ನಂಬುತ್ತಾರೆ. ಅಮ್ಮನಿಗೆ ಸ್ಕ್ಯಾನ್ ಮಾಡಿಸಲೇಬೇಕು ಅಂತ ಹಟ ಹಿಡಿದಳು, ಹೋದೆವು.

ಬಂಗಾರಪೇಟೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೊದಲು ಹೊಟ್ಟೆ ಒಡೆಯುವಷ್ಟು ನೀರು ಕುಡಿಸಿದರು. ಆಮೇಲೆ ಒಳಗೆ ಕರೆದು ಜೆಲ್ಲು ಬಳಿದು, ಇಸ್ತ್ರಿ ಮಾಡಿದ ಹಾಗೆ ಹೊಟ್ಟೆಯ ಮೇಲೆ ಒಂದು ಉಪಕರಣ ಆಡಿಸಿದರು. ಪರದೆಯ ಮೇಲೆ ಬರೀ ಕಪ್ಪು ಬಿಳುಪು ಮೋಡ. ಅದರಲ್ಲಿ ಏನು ಕಾಣುತ್ತದೋ ದೇವರೇ ಬಲ್ಲ. ಡಾಕ್ಟರು ಅಲ್ಲಿಯವರೆಗೆ ಫೋನಿನಲ್ಲಿ ಯಾರ ಜೊತೆಗೋ ಸೈಟಿನ ವಿಚಾರ ಮಾತಾಡುತ್ತಾ ಇಸ್ತ್ರಿ ಮಾಡುತ್ತಿದ್ದರು. ಒಂದು ಜಾಗದಲ್ಲಿ ಕೈ ನಿಂತಿತು. "ಆಮೇಲೆ ಮಾಡ್ತೀನಿ" ಅಂತ ಫೋನ್ ಇಟ್ಟರು.

ಸೈಟಿನ ಮಾತು ನಿಲ್ಲಿಸುವ ಡಾಕ್ಟರನ್ನು ಕಂಡರೆ ನನಗೆ ಹೆದರಿಕೆ.

ಎಡಗಡೆ ಅಂಡಾಶಯದಲ್ಲಿ ಗಡ್ಡೆ ಇದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ತಡ ಮಾಡದೆ ಬೆಂಗಳೂರಿಗೆ ಹೋಗಿ ಅಂದರು. ಹಾಗಾದರೆ ಗ್ಯಾಸ್ ಅಲ್ಲವಾ ಅಂತ ಕೇಳಿದೆ. ನವ್ಯ ನನ್ನ ತೋಳು ಚಿವುಟಿದಳು. ಬಸ್ ಸ್ಟ್ಯಾಂಡಿನಲ್ಲಿ ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರೆ, ರತ್ನ ಮಾತ್ರ "ಸಂಜೆ ಆಲ್ ಕರೆಯೋ ಒತ್ಗೆ ಮನೆ ಸೇರ್ತೀವಾ?" ಅಂತ ಕೇಳಿದಳು.

ಜನವರಿ 30, ಗುರುವಾರ

ಬೆಂಗಳೂರಿನ ದೊಡ್ಡ ಆಸ್ಪತ್ರೆ. ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವನು ನಾನು, ಬಂಗಾರಪೇಟೆಯಿಂದ ದಿನಾ ರೈಲು. ಮಾರಿಕುಪ್ಪಂನಿಂದ ಬರುವ ಗಾಡಿಯಲ್ಲಿ ಕೆಜಿಎಫ್‌ನವರು ಟವೆಲ್ಲು, ಕರ್ಚೀಫು, ಟಿಫನ್ ಡಬ್ಬಿ ಇಟ್ಟು ತಮ್ಮವರಿಗೆ ಸೀಟು ಹಿಡಿದಿರುತ್ತಾರೆ. ನಮ್ಮ ಸ್ಟೇಷನ್ನಿನಲ್ಲಿ ಹತ್ತುವವರು ಆ ಕರ್ಚೀಫುಗಳ ದರ್ಶನ ಮಾಡುತ್ತಾ ನಿಲ್ಲಬೇಕು. ಇವತ್ತು ರತ್ನಳ ಮುಖ ನೋಡಿ ಒಬ್ಬರು ಕರ್ಚೀಫು ಎತ್ತಿದರು. ಮಾಲೂರು ದಾಟಿದಾಗ ಅವಳು "ಇಷ್ಟ್ ದೂರ ದಿನಾ ಬತ್ತೀರಾ?" ಅಂದಳು. ಇಲ್ಲ, ನಡುವೆ ಇಳಿದು ಗೋಲಿ ಆಡಿ ವಾಪಸ್ ಬರುತ್ತೇನೆ ಅಂದೆ.

ಅಲ್ಲಿನ ಡಾಕ್ಟರು ಶ್ಯಾಮಲಾ ಅಂತ. ನಗುವುದಿಲ್ಲ, ಸುತ್ತಿ ಬಳಸಿ ಮಾತಾಡುವುದೂ ಇಲ್ಲ. ವಾರವೆಲ್ಲ ಬಂಗಾರಪೇಟೆಯಲ್ಲೇ ಮಾಡಿಸಿದ್ದ ರಕ್ತಪರೀಕ್ಷೆ, ಸಿಟಿ ಸ್ಕ್ಯಾನು ಎಲ್ಲ ನೋಡಿ, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇದು ಅಂಡಾಶಯದ ಕ್ಯಾನ್ಸರ್. ಹೊಟ್ಟೆಯೊಳಗಿನ ಕೊಬ್ಬಿನ ಪದರಕ್ಕೂ ಅಲ್ಲಲ್ಲಿ ಹರಡಿದೆ. ಹೊಟ್ಟೆಯಲ್ಲೇ ನಿಂತಿದ್ರೆ ಮೊದಲು ಆಪರೇಷನ್ ಮಾಡಿ ತೆಗೀತೀವಿ, ಆಮೇಲೆ ಕೀಮೋ. ಎದೆ, ಕುತ್ತಿಗೆ ಕಡೆ ಹೋಗಿದ್ರೆ ಈಗ ಆಪರೇಷನ್ ಮಾಡಕ್ಕಾಗಲ್ಲ. ಆಗ ಕಷ್ಟ ಜಾಸ್ತಿ."

"ಅದೆಂಗ್ ಗೊತ್ತಾಗ್ತದೆ ಮೇಡಮ್?" ಅಂದಳು ರತ್ನ.

ಅದಕ್ಕೆ ಪೆಟ್ ಸ್ಕ್ಯಾನ್ ಅಂತ ಇದೆಯಂತೆ. ಸಕ್ಕರೆಯಂಥ ಒಂದು ಔಷಧಿ ನರಕ್ಕೆ ಕೊಡುತ್ತಾರೆ. ಕ್ಯಾನ್ಸರಿಗೆ ಸಕ್ಕರೆ ಆಸೆ ಜಾಸ್ತಿ, ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ನುಂಗಿ ಚಿತ್ರದಲ್ಲಿ ಹೊಳೆಯುತ್ತದೆ. ನಮ್ಮ ಕಡೆ ಚಿನ್ನದ ಗಣಿಯಲ್ಲಿ ನೂರಕ್ಕೂ ಹೆಚ್ಚು ವರ್ಷ ಜನ ಭೂಮಿಯೊಳಗೆ ಇಳಿದು ಹೊಳೆಯುವುದು ಸಿಗಲಿ ಅಂತ ಹುಡುಕಿದರು. ಡಾಕ್ಟರ್ ಶ್ಯಾಮಲಾ ಸಿಗದಿರಲಿ ಅಂತ ಹುಡುಕುತ್ತಾರಂತೆ.

"ಹಿಂದಿನ ದಿನದಿಂದ ಮೈ ದಣಿಯೋ ಕೆಲಸ ಮಾಡಿಸಬೇಡಿ" ಅಂತ ನನಗೆ ಹೇಳಿದರು.

"ಕೆಲಸ ಎಲ್ಲಿಂದ ಬರ್ಬೇಕು ಮೇಡಮ್? ಮನೇಲೇ ಇರ್ತಾಳೆ" ಅಂದೆ.

ಫೆಬ್ರವರಿ 4, ಮಂಗಳವಾರ

ಪೆಟ್ ಸ್ಕ್ಯಾನ್ ಆಯಿತು. ಬೆಳಗಿನ ಗಾಡಿ ಹಿಡಿಯಬೇಕಿತ್ತು. ನಾನು ಏಳುವ ಹೊತ್ತಿಗೆ ಬಿಸಿನೀರು ಕಾದಿತ್ತು, ಶರ್ಟು ಇಸ್ತ್ರಿಯಾಗಿತ್ತು, ಹಾಲು ಡೈರಿ ಸೇರಿ ಕ್ಯಾನು ತೊಳೆದು ಬೋರಲು ಹಾಕಿಯಾಗಿತ್ತು. ಎಲ್ಲ ತಾನಾಗಿಯೇ ನಡೆಯುವ ಮನೆ ನಮ್ಮದು. ಖಾಲಿ ಹೊಟ್ಟೆಯಲ್ಲಿರಬೇಕಾದವಳು ನನಗೆ ಉಪ್ಪಿಟ್ಟು ಬಡಿಸಿ, ತಿನ್ನುವುದನ್ನೇ ನೋಡುತ್ತಾ ಕೂತಳು. ಅದಕ್ಕೇ ರುಚಿ ಹತ್ತಲಿಲ್ಲ.

ಸ್ಕ್ಯಾನ್ ಮಾಡುವ ಹುಡುಗಿ ಸುಮಿತಾ, ಮಾರಿಕುಪ್ಪಂನವಳು. ನಮ್ಮ ಗಾಡಿಯಲ್ಲೇ ಬರುತ್ತಾಳೆ. ಕರ್ಚೀಫಿನ ಪಂಗಡ.

"ಅಮ್ಮಾ, ನೇತ್ತಿಂದ, ನಿನ್ನೆಯಿಂದ, ಏನಾದ್ರೂ ಕಷ್ಟದ ವೇಲೆ ಮಾಡಿದೀಂಗಳಾ? ಕೆಲ್ಸ, ಕೆಲ್ಸ?" ಅಂದಳು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

"ಏನೂ ಇಲ್ಲಮ್ಮ, ಮನೇಲೇ ಇರ್ತಾಳೆ" ಅಂದೆ ನಾನು.

"ಏನೂ ಮಾಡಿಲ್ಲ ತಾಯಿ" ಅಂದಳು ರತ್ನ.

ಇಂಜೆಕ್ಷನ್ ಕೊಟ್ಟು ಒಂದು ಕೋಣೆಯಲ್ಲಿ ಮಾತಾಡದೆ ಅಲ್ಲಾಡದೆ ಮಲಗಿರಬೇಕು ಅಂದರು. ಮದುವೆಯಾದ ಮೇಲೆ ರತ್ನ ಹಗಲಲ್ಲಿ ಸುಮ್ಮನೆ ಮಲಗಿದ್ದನ್ನು ನಾನು ಮೊದಲ ಸಲ ನೋಡಿದ್ದು ಗಾಜಿನ ಈಚೆಯಿಂದ, ಇವತ್ತು. ಚಿತ್ರದಲ್ಲಿ ಮಿದುಳು ಎಲ್ಲರದೂ ಹೊಳೆಯುತ್ತದೆ ಸಾರ್, ಅದಕ್ಕೆ ಭಯಪಡಬೇಡಿ ಅಂತ ಸುಮಿತಾ ಹೇಳಿದಳು. ನಮ್ಮ ಸೂಪರ್‌ವೈಸರನ್ನು ಒಂದು ದಿನ ಕರೆತರುತ್ತೇನೆ, ಪರೀಕ್ಷೆ ಮಾಡಿ ನೋಡು ಅಂದೆ.

ಮೈಯಲ್ಲಿ ಔಷಧಿ ಇರುತ್ತದೆ, ಸಂಜೆಯವರೆಗೆ ಮಕ್ಕಳು, ಬಸುರಿಯರ ಹತ್ತಿರ ಹೋಗಬೇಡಿ, ಮನೆಯವರೂ ಸ್ವಲ್ಪ ದೂರವಿದ್ದರೆ ಒಳ್ಳೆಯದು ಅಂದರು. ವಾಪಸ್ ಬರುವಾಗ ಕಡೇ ಬೋಗಿ ಹತ್ತಿ ಅವಳನ್ನು ಮೂಲೆಯಲ್ಲಿ ಕೂರಿಸಿ, ನಾನು ಎದುರು ಸಾಲಿನ ತುದಿಯಲ್ಲಿ ಕೂತೆ. ದೂರ ಇರಿ ಅನ್ನುವ ಒಂದು ಸಲಹೆಗೆ ಮಾತ್ರ ನಮಗೆ ತರಬೇತಿ ಬೇಕಾಗಲಿಲ್ಲ.

ಫೆಬ್ರವರಿ 6, ಗುರುವಾರ

ರಿಪೋರ್ಟು. ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪು ಪರದೆಯಲ್ಲಿ ರತ್ನಳ ಆಕಾರ. ಹೊಟ್ಟೆಯಲ್ಲಿ ಹಳದಿ ಹೊಳಪು, ಅದು ಗೊತ್ತಿದ್ದದ್ದೇ. ಆದರೆ ಎರಡೂ ಮುಂಗೈ, ಎರಡೂ ಭುಜ, ಕುತ್ತಿಗೆಯ ಎರಡೂ ಪಕ್ಕ ಧಗಧಗ ಉರಿಯುತ್ತಿದ್ದವು. ಕೈಯಲ್ಲೆಲ್ಲ ಹರಡಿಬಿಟ್ಟಿತಾ ಅಂದೆ.

"ಕೈಯಲ್ಲಿರೋದು ಕ್ಯಾನ್ಸರ್ ಅಲ್ಲ, ಮಾಂಸಖಂಡ" ಅಂದರು. "ಅವತ್ತು ಏಳುತ್ತಲೇ ಏನೇನು ಮಾಡಿದ್ರಿ ಅಮ್ಮ?"

"ಏನೂ ಇಲ್ಲ ಮೇಡಮ್. ಕೊಟ್ಟಿಗೆ ಬಾಚಿ ಸಗಣಿ ತಿಪ್ಪೆಗಾಕ್ದೆ. ನೀರ್ ತಂದೆ. ಆಲ್ ಕರ್ದೆ. ಕ್ಯಾನ್ ಎತ್ಕೊಂಡೋಗಿ ಡೈರಿಗಾಕ್ ಬಂದೆ. ಅಷ್ಟೇಯ."

"ಹಿಂದಿನ ದಿನ?"

"ನಾಳೆ ಇರಾಕಿಲ್ಲ ಅಂತ ಒಂದಷ್ಟ್ ಮೇವು ಜಾಸ್ತಿ ಕೊಯ್ದಾಕಿದ್ದೆ."

"ಇದೆಲ್ಲ ಕೆಲಸ ಅಲ್ವಾ?"

"ಇದಾ?" ರತ್ನ ನಿಜವಾಗಿಯೂ ಆಶ್ಚರ್ಯಪಟ್ಟಳು. "ಇದು ದಿನಾ ಮಾಡೋದೇ ಅಲ್ವ್ರಾ."

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರ ನೋಡಿದೆ. ತುಂಬಾ ಚೆನ್ನಾಗಿ ಬರೆದಿದ್ದರು.

ದುಡಿದ ಮಾಂಸಖಂಡವೂ ಆ ಸಕ್ಕರೆಯನ್ನು ನುಂಗುತ್ತದಂತೆ. ಆ ಉರಿಯ ನಡುವೆ ಎಡಗಡೆ ಕೊರಳೆಲುಬಿನ ಮೇಲೆ ಒಂದು ಚುಕ್ಕೆಯಿದೆ. ದುಡಿದ ಮಾಂಸವೋ ಕ್ಯಾನ್ಸರ್ ಹತ್ತಿದ ಗಂಟೋ ಹೇಳಲಾಗುತ್ತಿಲ್ಲ. ಕುತ್ತಿಗೆಗೆ ಬೇರೆ ಸ್ಕ್ಯಾನ್ ಮಾಡಿ ನೋಡಿದರು, ಸೂಜಿ ಚುಚ್ಚಿ ತೆಗೆಯುವಷ್ಟು ಏನೂ ಸ್ಪಷ್ಟವಾಗಿ ಸಿಗಲಿಲ್ಲ. ಮಂಗಳವಾರ ಕೈ, ಕುತ್ತಿಗೆ, ಎದೆ ಇನ್ನೊಮ್ಮೆ ಪೆಟ್ ಮಾಡುತ್ತಾರೆ. ಅಲ್ಲಿಯವರೆಗೆ ಆಪರೇಷನ್ ಉಂಟೋ ಇಲ್ಲವೋ ಆ ಒಂದು ಚುಕ್ಕೆಯ ಮೇಲೆ ನಿಂತಿದೆ.

"ಈ ಸಲ ಒಂದು ಕೊಡ ಕೂಡ ಇವರು ಎತ್ತಬಾರದು" ಅಂತ ಡಾಕ್ಟರು ನನಗೆ ಹೇಳಿದರು. ರತ್ನ ಗಾಬರಿಯಾಗಿ "ಮತ್ತೆ ಆಲ್ ಕರೆಯೋರ್ಯಾರು?" ಅಂದಳು. ಕೊರಳಿನ ಚುಕ್ಕೆಗೆ ಹೆದರದವಳು.

ಫೆಬ್ರವರಿ 7, ಶುಕ್ರವಾರ

ರಜೆ ಹಾಕಿ ಕೊಟ್ಟಿಗೆಗೆ ಇಳಿದೆ. ನಾಲ್ಕು ಮೊಲೆ, ಎರಡು ಕೈ, ಇದರಲ್ಲೇನು ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ಲಾಯರಮ್ಮ ನಾನು ಕೂರುವವರೆಗೂ ಕಾದು, ನಂತರ ಬಕೆಟ್ಟನ್ನು ತಿಪ್ಪೆಯವರೆಗೆ ಕಳಿಸಿತು. ಪಾಪಕ್ಕ "ಸರ್ಕೊಳ್ಳಣ್ಣ, ನಾನ್ ನೋಡ್ತೀನಿ" ಅಂತ ಬಂದಳು, ಅವಳಿಗೂ ಬಿತ್ತು. ಅದನ್ನು ಗ್ಯಾಸು ಅನ್ನಲಿಲ್ಲ. ಬೂದಿಕೋಟೆಯಿಂದ ಹಾಲು ಕರೆಯುವ ಮಿಷಿನ್ ತರಿಸಿದೆ. ಅದರ ಸದ್ದಿಗೆ ಹಸು ಹಗ್ಗ ಕಿತ್ತುಕೊಂಡಿತು.

ಸಂಜೆಗೆ ಕೆಚ್ಚಲು ಬಿಗಿದು ಹಸು ಕೂಗತೊಡಗಿತು. ರತ್ನ ಮಂಚದಿಂದ "ಒಂದೇ ನಿಮ್ಸ, ನಾನ್ ಬತ್ತೀನಿ, ಅದ್ಕೆ ನೋವಾಗ್ತಾ ಅದೆ" ಅಂದಳು.

"ಎದ್ದು ನೋಡು, ಬಾಗಿಲಿಗೆ ಬೀಗ ಹಾಕ್ತೀನಿ!" ಅಂತ ಕೂಗಿದೆ. ಹಸು ಕೂಡ ಒಂದು ಕ್ಷಣ ಸುಮ್ಮನಾಯಿತು.

ಫೆಬ್ರವರಿ 8, ಶನಿವಾರ

ಎರಡು ಒದೆ. ಒಂದು ಮೊಣಕಾಲಿಗೆ, ಒಂದು ಮಾನಕ್ಕೆ. ಕಡೆಗೆ ಕರುವನ್ನೇ ಬಿಟ್ಟೆ, ಕುಡಿದಷ್ಟು ಕುಡಿಯಿತು.

ಫೆಬ್ರವರಿ 9, ಭಾನುವಾರ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಊರಿಗೆಲ್ಲ ಗೊತ್ತಾಗಿರುವಾಗ ಡೈರಿಯಲ್ಲಿ ಮುಚ್ಚಿಟ್ಟು ಏನು ಪ್ರಯೋಜನ.

ಪಾಪಕ್ಕ ಹೇಳಿದಳು: "ರತ್ನಮ್ಮನ್ ಕೊಟ್ಗೆ ಸೀರೆ ಉಟ್ಕೊಂಡ್ ಓಗಿ ಕುತ್ಕೊಳ್ಳಣ್ಣ. ವಾಸ್ನೆಗೆ ಬಿಡ್ತದೆ." ಈ ವಯಸ್ಸಿನಲ್ಲಿ, ಮೀಸೆ ಇಟ್ಟುಕೊಂಡು, ಬಾಡಿದ ಹೂವಿನ ಸೀರೆಯನ್ನು ಲುಂಗಿಯ ಮೇಲೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು ಹೋಗಿ ಕೂತೆ. ಲಾಯರಮ್ಮ ತಿರುಗಿ ನೋಡಿತು. ಮೂಸಿತು. ಇನ್ನೊಮ್ಮೆ ಮೂಸಿತು. ಕಡೆಗೆ ನಿಟ್ಟುಸಿರು ಬಿಟ್ಟು ಹಾಲು ಇಳಿಸಿತು.

ಕಿಟಕಿಯಲ್ಲಿ ರತ್ನ ನಿಂತಿದ್ದಳು. "ಸೆರಗ್ ಸರ್ಯಾಗ್ ಸಿಗ್ಸ್ಕೊಳ್ಳ್ರಿ, ಬಕೆಟ್ಗ್ ಬೀಳ್ತದೆ" ಅಂದವಳು ನಗತೊಡಗಿದಳು. ನಗು ನಿಲ್ಲದೆ ನೋಯುವ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ. ನನಗೂ ನಗು ಬಂತು, ಆದರೆ ತೋರಿಸಲಿಲ್ಲ.

ಅವಸರದಲ್ಲಿ ಸೀರೆ ಬಿಚ್ಚುವುದನ್ನು ಮರೆತು ಹಾಲಿನ ಡೈರಿಗೆ ಹೋಗಿಬಿಟ್ಟೆ. ಕಾರ್ಯದರ್ಶಿ ಸುಧಾಕರ್ ಹಾಲು ಅಳೆಯುತ್ತಾ "ಏನ್ ಮುನಿಯಪ್ಪಣ್ಣ, ಒಸ ಮೆಂಬರ್ರಾ?" ಅಂದ. ಸಾಲಿನಲ್ಲಿದ್ದ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾಳೆ ಬಳೆಯನ್ನೂ ತೊಟ್ಟು ಬರುತ್ತೇನೆ ಅಂತ ಹೇಳಿ ಬಂದೆ.

ಫೆಬ್ರವರಿ 10, ಸೋಮವಾರ

ಬೆರಳು ಮಡಚಲು ಬರುತ್ತಿಲ್ಲ. ಪೆನ್ನು ಹಿಡಿಯುವುದೇ ಕಷ್ಟ. ಮುದ್ದೆ ತಿರುಗಿಸಿದೆ, ಗಂಟುಗಂಟಾಗಿತ್ತು. ರತ್ನ ಪೂರ್ತಿ ತಿಂದಳು.

ಫೆಬ್ರವರಿ 11, ಮಂಗಳವಾರ

ಎರಡನೇ ಪೆಟ್. ಗಾಡಿ ಬಂದಾಗ ಸುಮಿತಾ ಕಿಟಕಿಯಿಂದ ಕೈ ಬೀಸಿದಳು. ಮಾರಿಕುಪ್ಪಂನಿಂದಲೇ ಬ್ಯಾಗು, ದುಪಟ್ಟಾ, ನೀರಿನ ಬಾಟಲಿ ಇಟ್ಟು ನಮಗೆ ಎರಡು ಸೀಟು ಕಾಯ್ದಿದ್ದಳು. ಕರ್ಚೀಫಿನ ಪಂಗಡದ ಬಗ್ಗೆ ಹಿಂದೆ ಬರೆದದ್ದರಲ್ಲಿ ಸ್ವಲ್ಪ ವಾಪಸ್ ತೆಗೆದುಕೊಂಡಿದ್ದೇನೆ.

"ಈ ಸಲ ನಿಜ್ವಾಗ್ಲೂ ಏನೂ ಮಾಡಿಲ್ಲ ಅಲ್ಲಮ್ಮಾ?" ಅಂತ ಒಳಗೆ ಕರೆಯುವಾಗ ಕೇಳಿದಳು.

"ಮಾಡಾಕ್ ಬಿಟ್ರಲ್ವೇನಮ್ಮ" ಅಂದಳು ರತ್ನ.

ಗಾಜಿನ ಆಚೆ ಅವಳು ಮಲಗಿದ್ದಾಗ ನನಗೆ ಬಹಳ ಭಯವಾಯಿತು. ಇದರಲ್ಲಿ ತಮಾಷೆ ಏನೂ ಇಲ್ಲ. ಭಯವಾಯಿತು, ಅಷ್ಟೇ.

ಮನೆಯವರು ದೂರ ಇರಿ ಅಂತ ಈ ಸಲವೂ ಹೇಳಿದರು. ವಾಪಸ್ ಬರುವ ಗಾಡಿ ಅರ್ಧ ಖಾಲಿಯಿತ್ತು. ಎದುರಿನ ಸೀಟು ಯಾಕೋ ಸರಿಯಿಲ್ಲ ಅನಿಸಿ ಅವಳ ಪಕ್ಕದಲ್ಲೇ ಕೂತೆ. ಟೇಕಲ್ ಸ್ಟೇಷನ್ ಬರುವಷ್ಟರಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು.

ಫೆಬ್ರವರಿ 13, ಗುರುವಾರ

ಚುಕ್ಕೆ ಇಲ್ಲ.

ಕೈ ಕಪ್ಪು, ಭುಜ ಕಪ್ಪು, ಕುತ್ತಿಗೆ ಕಪ್ಪು. ಅದು ಮಾಂಸಖಂಡವೇ ಆಗಿತ್ತಂತೆ. ಎದೆಯೂ ಸ್ವಚ್ಛ. ಕಾಯಿಲೆ ಹೊಟ್ಟೆಯ ಗಡಿ ದಾಟಿದ್ದು ಕಾಣುತ್ತಿಲ್ಲ, ಆಪರೇಷನ್ ಮಾಡಬಹುದು ಅಂದರು ಡಾಕ್ಟರು. ದೊಡ್ಡ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಕೀಮೋ, ಪೂರ್ತಿ ವಾಸಿಯಾಗುತ್ತದೆ ಅಂತ ಈಗಲೇ ಮಾತು ಕೊಡಲ್ಲ ಅಂತಲೂ ಅಂದರು. ನನಗೆ ಮೊದಲ ವಾಕ್ಯ ಮಾತ್ರ ಕೇಳಿಸಿತು.

"ಈಗ ಇವ್ರನ್ನ ಮಲಗ್ಸಿ ನೋಡಿ ಮೇಡಮ್" ಅಂದಳು ರತ್ನ. "ಕೈ ಎರಡೂ ದೀಪ ಅಚ್ದಂಗಿರ್ತವೆ."

ಡಾಕ್ಟರ್ ಶ್ಯಾಮಲಾ ನಕ್ಕರು. ಅವರಿಗೆ ಹಲ್ಲುಗಳಿವೆ. ನಾನು ಹೊರಗೆ ಬಂದು ಲಿಫ್ಟಿನ ಪಕ್ಕದ ಗೋಡೆಗೆ ಮುಖ ಮಾಡಿ ನಿಂತೆ. ಕಣ್ಣಿಗೆ ಧೂಳು ಬಿತ್ತು ಅಂತ ಬರೆಯಬಹುದು. ಆ ಆಸ್ಪತ್ರೆಯಲ್ಲಿ ಧೂಳೇ ಇಲ್ಲ.

ಫೆಬ್ರವರಿ 17, ಸೋಮವಾರ

ಇವತ್ತು ಸೀರೆ ಇಲ್ಲದೆ ಬನಿಯನ್ನಿನಲ್ಲೇ ಹೋಗಿ ಕೂತೆ. ಲಾಯರಮ್ಮ ಮೂಸಲೂ ಇಲ್ಲ, ಹಾಲು ಬಿಟ್ಟಿತು. ತುಂಬಿದ ಬಕೆಟ್ಟು ಹಿಡಿದು ಊರ ಮುಂದೆ ಸುತ್ತು ಹಾಕಿ ಡೈರಿಗೆ ಹೋದೆ. ಹತ್ತಿರದ ದಾರಿ ಬೇರೆ ಇದೆ.

ಫೆಬ್ರವರಿ 19, ಬುಧವಾರ

ಆಸ್ಪತ್ರೆಗೆ ಸೇರಿಸುವ ದಿನ. ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ರತ್ನ ರೇಷ್ಮೆ ಅಂಚಿನ ಸೀರೆ ಉಟ್ಟು, ತಲೆ ಬಾಚಿ, ಕೊಟ್ಟಿಗೆಯ ಬಾಗಿಲಿನ ಕಲ್ಲಿನ ಮೇಲೆ ಬಂದು ಕೂತಳು. ಹಾಲು ಸೊರ್ರನೆ ಬೀಳುತ್ತಿತ್ತು. ನನಗೆ ಸ್ವಲ್ಪ ಜಂಬವೂ ಇತ್ತು.

"ಲಾಯರಮ್ಮಾ" ಅಂತ ಕರೆದಳು.

ಹಸು ಕಿವಿ ಆಡಿಸಿತು. ತಿರುಗಲಿಲ್ಲ. ಮೇವು ಮೆಲ್ಲುತ್ತಾ ನಿಂತಿತ್ತು.

"ಲೇ, ನಾನ್ ಕಣೇ." ಇನ್ನೂ ತಿರುಗಲಿಲ್ಲ. ರತ್ನ ಸೆರಗಿನಿಂದ ಮೊಣಕಾಲ ಮೇಲಿನ ಹುಲ್ಲು ಒರೆಸಿಕೊಂಡಳು. "ಬಿಡಿ. ನಾನಿಲ್ದಿದ್ರೂ ನಡೀತದೆ" ಅಂದಳು. ನಗುತ್ತಲೇ ಅಂದಳು.

ಈ ಹಸುವನ್ನು ಒಲಿಸಿಕೊಳ್ಳಲು ಇಷ್ಟು ಒದೆ ತಿಂದದ್ದು ಈ ಮಾತು ಕೇಳುವುದಕ್ಕಾ?

ಹೆಬ್ಬೆರಳಿನ ಉಗುರನ್ನು ಮೊಲೆಗೆ ಒತ್ತಿದೆ, ಜೋರಾಗಿಯೇ. ಲಾಯರಮ್ಮ ನಿರಾಸೆ ಮಾಡಲಿಲ್ಲ. ಬಕೆಟ್ಟು ಉರುಳಿ ಹಾಲೆಲ್ಲ ಗಂಜಲದ ಕಾಲುವೆಗೆ ಹೋಯಿತು. ನಾನು ಬೇಕೆಂದೇ ದೊಡ್ಡದಾಗಿ ಬಿದ್ದೆ.

"ನೋಡಿದ್ಯಾ ನಿನ್ನ ಹಸು! ನೀನು ಬರೋ ಹೊತ್ತಿಗೆ ನನ್ನ ಹೆಣ ಬಿದ್ದಿರುತ್ತೆ. ಬೇಗ ಬಂದು ಇದನ್ನ ನೋಡ್ಕೊ."

ರತ್ನ ಎದ್ದು ನಿಂತಳು. "ಎಬ್ಬೆಟ್ಟು ಒಳಕ್ ಮಡಚ್ಬಾರ್ದು ಅಂತ ಎಷ್ಟ್ ಸಲ ಏಳ್ಲಿ? ಸೀರೆ ಬಿಟ್ಟಿದ್ಯಾಕೆ ನೀವು? ನಾನ್ ಬರೋಗಂಟ ಉಟ್ಕೊಂಡೇ ಕರೀಬೇಕು!" ಬಸ್ಸಿನಲ್ಲಿ ಬೈದಳು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೈದಳು, ವಾರ್ಡಿನಲ್ಲಿ ಮಲಗಿಕೊಂಡೂ ಬೈದಳು. ಮುಖ ಕಳೆಕಳೆಯಾಗಿತ್ತು.

ಹೆಂಗಸರ ವಾರ್ಡು, ನವ್ಯ ಜೊತೆಗಿದ್ದಾಳೆ. ನಾಳೆ ಬೆಳಿಗ್ಗೆ ಆಪರೇಷನ್. ಸಂಜೆಯ ಹಾಲಿಗೆ ಪಾಪಕ್ಕ ಆ ಸೀರೆ ಉಟ್ಟು ಕೂರುತ್ತೇನೆ ಅಂದಿದ್ದಾಳೆ. ಬೆಳಗಿನದು ನನ್ನದು, ಕರೆದಿಟ್ಟು ಮೊದಲ ಗಾಡಿಗೆ ಮತ್ತೆ ಬರಬೇಕು. ಲಾಯರಮ್ಮನ ಹತ್ತಿರ ಕ್ಷಮೆ ಕೇಳುವುದೂ ಇದೆ.

ಇದನ್ನು ಮಾರಿಕುಪ್ಪಂ ಗಾಡಿಯಲ್ಲಿ ಬರೆಯುತ್ತಿದ್ದೇನೆ. ಪಕ್ಕದ ಸೀಟಿನ ಮೇಲೆ ನನ್ನ ಟವೆಲ್ಲು ಹಾಸಿದೆ. ಕೃಷ್ಣರಾಜಪುರದಲ್ಲಿ ಗಾಡಿ ತುಂಬಿತು. ನಿಂತಿದ್ದವನೊಬ್ಬ ಟವೆಲ್ಲನ್ನೂ ನನ್ನನ್ನೂ ನೋಡಿ "ಯಾರಾದ್ರೂ ಬತ್ತಾರಾ ಯಜಮಾನ್ರೇ?" ಅಂತ ಕೇಳಿದ.

ಬರ್ತಾರೆ ಅಂದೆ.